ಗತಿಸಿದವರಿಗೊಂದು ಎಡೆ, ಉಳಿದವರಿಗೊಂದು ಆಸರೆ

ಆಟಿ ತಿಂಗಳು ಬಂತೆಂದರೆ ತುಳುನಾಡಿನ ಮನೆಗಳಲ್ಲಿ ಗತಿಸಿದ ಹಿರಿಯರ ನೆನಪಾಗುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಈ ತಿಂಗಳಲ್ಲಿ ಹಿಂದೆ ನಾಟಿಯ ಕೆಲಸ ಮುಗಿದಿರುತ್ತಿತ್ತು. ಜಡಿಮಳೆಗೆ ಹೊರಗೆ ಕಾಲಿಡುವಂತಿರಲಿಲ್ಲ, ಮದುವೆ ಮುಂಜಿಗಳೂ ಇರುತ್ತಿರಲಿಲ್ಲ. ಆ ಬಿಡುವಿನಲ್ಲಿ ಒಂದು ದಿನವನ್ನು ಸತ್ತವರಿಗೆಂದೇ ಮೀಸಲಿಡುವುದು ಇಲ್ಲಿಯ ಕ್ರಮ. ಉಡುಪಿ, ಕಾಪು, ಕಾರ್ಕಳ ಕಡೆಯ ಅನೇಕ ಮನೆಗಳಲ್ಲಿ ಇಂದಿಗೂ ಆಟಿಯಲ್ಲಿ ಕುಲೆಗಳಿಗೆ ಬಡಿಸುತ್ತಾರೆ. ತುಳುವಿನಲ್ಲಿ 'ಕುಲೆ' ಎಂದರೆ ತೀರಿಕೊಂಡವರ ಆತ್ಮ.

ಆರೋಗ್ಯದ ಅಂಕಣದಲ್ಲಿ ಈ ವಿಷಯ ಏಕೆ ಎಂದು ಓದುಗರಿಗೆ ಅನ್ನಿಸಬಹುದು. ಕಾರಣವಿದೆ. ಸಾಮಾನ್ಯ ವೈದ್ಯರ ಬಳಿಗೆ ಬರುವವರಲ್ಲಿ ಒಂದು ಬಗೆಯ ರೋಗಿಗಳಿರುತ್ತಾರೆ. ತಲೆನೋವು, ಎದೆ ಬಿಗಿತ, ಹಸಿವಿಲ್ಲ, ನಿದ್ದೆಯಿಲ್ಲ, ಮೈಕೈ ನೋವು ಎನ್ನುತ್ತಾರೆ. ರಕ್ತ ಪರೀಕ್ಷೆ, ಇ.ಸಿ.ಜಿ., ಎಕ್ಸ್-ರೇ ಎಲ್ಲವೂ ಸರಿಯಾಗಿರುತ್ತವೆ. 'ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡಿದ್ದಾರೆಯೇ?' ಎಂದು ಕೇಳಿದರೆ ಕಣ್ಣು ತುಂಬುತ್ತದೆ. 'ಹೌದು ಡಾಕ್ಟ್ರೇ, ಆದರೆ ಮನೆಯಲ್ಲಿ ಆ ಹೆಸರು ಎತ್ತುವ ಹಾಗಿಲ್ಲ, ಎಲ್ಲರಿಗೂ ಬೇಜಾರಾಗುತ್ತದೆ' ಎಂಬ ಉತ್ತರ ಬರುತ್ತದೆ. ದುಃಖಕ್ಕೆ ಮನೆಯಲ್ಲಿ ಒಂದು ಜಾಗ, ವರ್ಷದಲ್ಲಿ ಒಂದು ದಿನ ಬೇಕು. ಅದು ಸಿಗದಾಗ ದುಃಖ ದೇಹದ ಮೂಲಕ ಮಾತನಾಡತೊಡಗುತ್ತದೆ. ಈ ವಾರ ಹೇಳಬೇಕಾದ ಮಾತು ಇಷ್ಟೇ. ಉಳಿದದ್ದು ಅದರ ವಿವರಣೆ.

ಎಲೆಯ ಮೇಲೆ ಬಡಿಸುವುದೇನು?

ಕುಲೆಗಳಿಗೆ ಬಡಿಸುವ ಕ್ರಮ ಜಾತಿಯಿಂದ ಜಾತಿಗೆ, ಮನೆಯಿಂದ ಮನೆಗೆ ಬೇರೆ. ಆದರೆ ತಿರುಳು ಒಂದೇ. ಒಳಕೋಣೆಯಲ್ಲಿ ದೀಪ ಹಚ್ಚಿ ಬಾಳೆ ಎಲೆ ಹಾಕುತ್ತಾರೆ. ತೀರಿಕೊಂಡವರಿಗೆ ಬದುಕಿದ್ದಾಗ ಯಾವುದು ಇಷ್ಟವಿತ್ತೋ ಅದನ್ನೇ ಬಡಿಸುತ್ತಾರೆ. ಕೋಳಿ ಸಾರು ಇಷ್ಟವಿದ್ದವರಿಗೆ ಕೋಳಿ ಸಾರು, ಎಲೆಅಡಿಕೆ ಹಾಕುತ್ತಿದ್ದವರಿಗೆ ಎಲೆಅಡಿಕೆ, ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕಳ್ಳು ಕುಡಿಯುತ್ತಿದ್ದವರಿಗೆ ಕಳ್ಳು. ಬಳಿಕ ಬಾಗಿಲು ಓರೆ ಮಾಡಿ, ಹಿರಿಯರು ಬಂದು ಉಣ್ಣಲಿ ಎಂದು ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಕಾಯುತ್ತಾರೆ. ಆಮೇಲೆ ಮನೆಮಂದಿ ಒಟ್ಟಿಗೆ ಊಟಕ್ಕೆ ಕುಳಿತುಕೊಳ್ಳುತ್ತಾರೆ.

ಬೇರೆ ಸಮುದಾಯಗಳಲ್ಲೂ ಇದಕ್ಕೆ ಸಮಾನವಾದ ದಿನಗಳಿವೆ. ಶ್ರಾದ್ಧ ಮಾಡುವವರಿಗೆ ಭಾದ್ರಪದದ ಮಹಾಲಯ ಅಮಾವಾಸ್ಯೆ ಇದೆ. ಕ್ರೈಸ್ತರು ನವೆಂಬರ್ 2ರಂದು ಸಮಾಧಿಗಳನ್ನು ಶುಚಿಗೊಳಿಸಿ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಮುಸ್ಲಿಮರ ಮನೆಗಳಲ್ಲಿ ತೀರಿಕೊಂಡವರ ಹೆಸರಿನಲ್ಲಿ ಪ್ರಾರ್ಥನೆ, ಬಡವರಿಗೆ ಊಟ ನಡೆಯುತ್ತದೆ. ಕನ್ನಡ ನಾಡಿನಲ್ಲಿ ಈ ನೆನಪು ಕಲ್ಲಿನಲ್ಲೂ ಮೂಡಿದೆ. ವೀರಗಲ್ಲುಗಳ ಕೆಳಗಿನ ಸಾಲಿನಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ದೃಶ್ಯ, ಮೇಲೆ ಶಿವಸಾನ್ನಿಧ್ಯ. ಸತ್ತವನ ಕತೆಯನ್ನೇ ಶಿಲ್ಪಿ ಹೇಳಿರುತ್ತಾನೆ. ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಕಲ್ಲಿನಲ್ಲಿ ಹಂದಿಯೊಡನೆ ಕಾದಾಡಿ ಸತ್ತ 'ಕಾಳಿ' ಎಂಬ ನಾಯಿಯ ನೆನಪೂ ಇದೆ. ಪ್ರೀತಿಸಿದ ಜೀವವನ್ನು ಹಾಗೆಯೇ ಮರೆತುಬಿಡಲು ಮನುಷ್ಯರು ಎಂದೂ ಒಪ್ಪಿದವರಲ್ಲ.

ದೂರದ ಮೆಕ್ಸಿಕೋದಲ್ಲಿ

ಇದೇ ಭಾವನೆ ಬಣ್ಣಬಣ್ಣವಾಗಿ ಅರಳುವುದನ್ನು ಮೆಕ್ಸಿಕೋ ದೇಶದಲ್ಲಿ ಕಾಣಬಹುದು. ಅಲ್ಲಿ ನವೆಂಬರ್ 1 ಮತ್ತು 2 ಸತ್ತವರ ಹಬ್ಬ. ಮೊದಲ ದಿನ ತೀರಿಕೊಂಡ ಮಕ್ಕಳಿಗೆ, ಮರುದಿನ ದೊಡ್ಡವರಿಗೆ. ಮನೆಯಲ್ಲಿ ಮೇಜಿನ ಮೇಲೆ ಮೆಟ್ಟಿಲುಮೆಟ್ಟಿಲಾಗಿ 'ಒಫ್ರೆಂಡಾ' ಎಂಬ ಸ್ಮರಣೆಯ ಪೀಠವನ್ನು ಅಲಂಕರಿಸುತ್ತಾರೆ. ಅದರ ಮೇಲೆ ಗತಿಸಿದವರ ಫೋಟೋ, ಮೇಣದಬತ್ತಿ, ಒಂದು ಲೋಟ ನೀರು, ಉಪ್ಪು, ಅವರಿಗೆ ಇಷ್ಟವಾದ ತಿಂಡಿ, ಸಿಹಿ ಬ್ರೆಡ್ಡು, ಸಕ್ಕರೆಯಿಂದ ಮಾಡಿದ ತಲೆಬುರುಡೆ, ಕತ್ತರಿಸಿ ಚಿತ್ತಾರ ಮಾಡಿದ ಬಣ್ಣದ ಕಾಗದ ಇರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಗೊಂಡೆ ಹೂ. ಅದರ ಬಣ್ಣ ಮತ್ತು ಪರಿಮಳ ಸತ್ತವರಿಗೆ ಮನೆಯ ದಾರಿ ತೋರುತ್ತದೆ ಎಂಬುದು ಅವರ ನಂಬಿಕೆ. ಯುನೆಸ್ಕೋ 2008ರಲ್ಲಿ ಈ ಹಬ್ಬವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಪೂಜೆ, ಮದುವೆ, ಆಯುಧಪೂಜೆಗೆಲ್ಲ ಬೇಕಾದ ಗೊಂಡೆ ಹೂವಿನ ಮೂಲವೂ ಮೆಕ್ಸಿಕೋ ಸೀಮೆಯೇ.

ಕಾಪುವಿನ ಅಜ್ಜಿಗೂ ಮೆಕ್ಸಿಕೋದ ಅಜ್ಜಿಗೂ ಪರಿಚಯವಿಲ್ಲ. ಆದರೂ ಇಬ್ಬರೂ ಮಾಡುವುದು ಒಂದೇ: ವರ್ಷಕ್ಕೊಮ್ಮೆ ಕರೆದು, ಇಷ್ಟವಾದದ್ದನ್ನು ಬಡಿಸಿ, ಕಳುಹಿಸಿಕೊಡುವುದು. ಇಷ್ಟು ದೂರದ ಎರಡು ನಾಡುಗಳಿಗೆ ಒಂದೇ ದಾರಿ ಹೊಳೆದಿದೆ ಎಂದರೆ ಅದು ಮನುಷ್ಯ ಸ್ವಭಾವದ ಯಾವುದೋ ಅಗತ್ಯವನ್ನು ತುಂಬಿಕೊಡುತ್ತಿರಬೇಕು.

ದುಃಖ ದೇಹಕ್ಕೆ ಮಾಡುವುದೇನು?

ಸಾವಿನ ಸುದ್ದಿ ಕೇಳಿದೊಡನೆ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ. ನಾಡಿ ಬಡಿತ ಮತ್ತು ರಕ್ತದೊತ್ತಡ ಹೆಚ್ಚುತ್ತವೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯೂ ಹೆಚ್ಚುತ್ತದೆ. ಅಮೆರಿಕದಲ್ಲಿ ಹೃದಯಾಘಾತವಾದ ಸುಮಾರು 2000 ಮಂದಿಯನ್ನು ವಿಚಾರಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಆಪ್ತರು ತೀರಿಕೊಂಡ ಮೊದಲ 24 ಗಂಟೆಗಳಲ್ಲಿ ಹೃದಯಾಘಾತದ ಸಾಧ್ಯತೆ ಉಳಿದ ದಿನಗಳಿಗಿಂತ ಸುಮಾರು 21 ಪಟ್ಟು ಇದ್ದು, ಮುಂದಿನ ದಿನಗಳಲ್ಲಿ ಇಳಿಯುತ್ತ ಹೋಗುತ್ತದೆ ಎಂದು ಅದು ತಿಳಿಸಿತು. ಆರೋಗ್ಯವಂತರು ಇದಕ್ಕೆ ಗಾಬರಿಪಡಬೇಕಿಲ್ಲ. ಆದರೆ ಮೊದಲೇ ಹೃದ್ರೋಗ ಇರುವವರನ್ನು ಶವಸಂಸ್ಕಾರದ ದಿನ ಉಪವಾಸ, ಬಿಸಿಲು, ಓಡಾಟಕ್ಕೆ ಒಡ್ಡಬಾರದು.

ಮಹಿಳೆಯರಲ್ಲಿ, ಅದರಲ್ಲೂ ಮುಟ್ಟು ನಿಂತವರಲ್ಲಿ, ಇನ್ನೊಂದು ತೊಂದರೆ ಕಾಣಿಸಬಹುದು. ತೀವ್ರ ಆಘಾತದಿಂದ ಹೃದಯದ ಎಡ ಹೃತ್ಕುಕ್ಷಿ ತಾತ್ಕಾಲಿಕವಾಗಿ ಬಲೂನಿನಂತೆ ಉಬ್ಬುತ್ತದೆ. 1990ರಲ್ಲಿ ಜಪಾನಿನ ವೈದ್ಯರು ಇದನ್ನು 'ಟಾಕೊಟ್ಸುಬೊ' ಎಂದು ಕರೆದರು. ಅದು ಅಲ್ಲಿಯ ಮೀನುಗಾರರು ಆಕ್ಟೋಪಸ್ ಹಿಡಿಯಲು ಬಳಸುವ ಮಡಕೆಯ ಹೆಸರು. ಹೆಚ್ಚಿನವರು ಕೆಲವು ವಾರಗಳಲ್ಲಿ ಗುಣಮುಖರಾಗುತ್ತಾರೆ. ಆದರೆ ಇದು ಟಾಕೊಟ್ಸುಬೊವೋ ನಿಜವಾದ ಹೃದಯಾಘಾತವೋ ಎಂದು ಮನೆಯಲ್ಲಿ ಕುಳಿತು ಹೇಳಲು ಸಾಧ್ಯವಿಲ್ಲ. ಆದ್ದರಿಂದ ಸಾವಿನ ಮನೆಯಲ್ಲಿ ಯಾರಿಗಾದರೂ ಎದೆನೋವು, ಉಸಿರುಕಟ್ಟುವಿಕೆ, ಬೆವರು ಕಾಣಿಸಿದರೆ 'ದುಃಖದಿಂದ ಹಾಗಾಗಿದೆ, ನೀರು ಕೊಡಿ' ಎಂದು ಸುಮ್ಮನಾಗದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮೊದಲ ವಾರ ಕಳೆದ ಬಳಿಕವೂ ಎಚ್ಚರ ಬೇಕು. 1969ರಲ್ಲಿ ಬ್ರಿಟನ್ನಿನಲ್ಲಿ 55 ದಾಟಿದ 4486 ವಿಧುರರ ಅಧ್ಯಯನವೊಂದು ಪ್ರಕಟವಾಯಿತು. ಹೆಂಡತಿ ತೀರಿಕೊಂಡ ಮೊದಲ 6 ತಿಂಗಳಲ್ಲಿ ಅವರಲ್ಲಿ 213 ಮಂದಿ ಮೃತಪಟ್ಟಿದ್ದರು. ಆ ವಯಸ್ಸಿನಲ್ಲಿ ನಿರೀಕ್ಷಿತ ಪ್ರಮಾಣಕ್ಕಿಂತ ಇದು ಶೇಕಡಾ 40ರಷ್ಟು ಹೆಚ್ಚು. ನಮ್ಮ ಮನೆಗಳಲ್ಲೂ ನೋಡಿ. ರಕ್ತದೊತ್ತಡದ ಮಾತ್ರೆ ಯಾವುದು, ಸಕ್ಕರೆ ಕಾಯಿಲೆಯ ಮಾತ್ರೆ ಯಾವುದು, ಊಟಕ್ಕೆ ಮೊದಲೋ ನಂತರವೋ ಎಂಬುದೆಲ್ಲ ಹೆಂಡತಿಗೇ ಗೊತ್ತಿರುತ್ತದೆ. ಆಕೆ ಹೋದ ಮೇಲೆ ಮಾತ್ರೆಯೂ ನಿಲ್ಲುತ್ತದೆ, ಹೊತ್ತಿಗೆ ಸರಿಯಾದ ಊಟವೂ ನಿಲ್ಲುತ್ತದೆ. ಮಕ್ಕಳು ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಇಂಥ ತಂದೆಯನ್ನು ಬೊಜ್ಜ ಮುಗಿಸಿ ಬಿಟ್ಟುಹೋಗುವ ಮುನ್ನ ಮಾತ್ರೆಗಳ ಹೊಣೆ ಯಾರದ್ದೆಂದು ಮಕ್ಕಳು ನಿರ್ಧರಿಸಬೇಕು.

ಮರೆಯಬೇಕೋ, ನೆನೆಯಬೇಕೋ?

'ಆದದ್ದಾಯಿತು, ಮರೆತುಬಿಡು' ಎಂಬುದು ಸಾಂತ್ವನ ಹೇಳುವವರ ಸಾಮಾನ್ಯ ಮಾತು. ಒಂದು ಕಾಲದಲ್ಲಿ ಮನೋವಿಜ್ಞಾನವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿತ್ತು. 1917ರ ಪ್ರಬಂಧವೊಂದರಲ್ಲಿ ಸಿಗ್ಮಂಡ್ ಫ್ರಾಯ್ಡ್, ಸತ್ತವರಿಂದ ಮನಸ್ಸನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂಬ ಅಭಿಪ್ರಾಯವನ್ನು ಮಂಡಿಸಿದ. ಮುಂದೆ ಈ ಅಭಿಪ್ರಾಯ ಬದಲಾಯಿತು. 1969ರಲ್ಲಿ ಟೋಕಿಯೋದಲ್ಲಿ ವಾಹನ ಅಪಘಾತಗಳಲ್ಲಿ ಗಂಡನನ್ನು ಕಳೆದುಕೊಂಡ 20 ಮಹಿಳೆಯರ ಬಗ್ಗೆ ವರದಿಯೊಂದು ಬಂತು. ಮನೆಯೊಳಗೆ ಗತಿಸಿದವರಿಗೆಂದು ಪುಟ್ಟ ಗೂಡು ಇಟ್ಟು, ಅದರ ಮುಂದೆ ಅನ್ನ, ನೀರು, ಊದುಬತ್ತಿ ಇಡುವುದು ಜಪಾನೀಯರ ವಾಡಿಕೆ. ಗಂಡ ಇನ್ನೂ ಜೊತೆಗಿದ್ದಾನೆ ಎಂಬ ಭಾವ ಆ ಮಹಿಳೆಯರಿಗೆ ನೆಮ್ಮದಿ ಕೊಡುತ್ತಿತ್ತೆಂದು ಸಂಶೋಧಕರು ಗಮನಿಸಿದರು. 20 ಎಂಬುದು ಸಣ್ಣ ಸಂಖ್ಯೆ, ನಿಜ. ಆದರೆ 1996ರಲ್ಲಿ ಅಮೆರಿಕದ ಡೆನ್ನಿಸ್ ಕ್ಲಾಸ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಸತ್ತವರೊಡನೆ ಬಾಂಧವ್ಯ ಬೇರೆ ರೂಪದಲ್ಲಿ ಮುಂದುವರಿಯುವುದು ಸಹಜ, ಅದು ಕಾಯಿಲೆಯಲ್ಲ ಎಂದು ವಾದಿಸಿದರು.

ವೇಲ್ಸ್ ಸೀಮೆಯ ಡಾ. ರೀಸ್ ಎಂಬ ಸಾಮಾನ್ಯ ವೈದ್ಯರು 293 ವಿಧವೆಯರು ಮತ್ತು ವಿಧುರರನ್ನು ಮಾತನಾಡಿಸಿ 1971ರಲ್ಲಿ ಒಂದು ಲೇಖನ ಬರೆದರು. ಸುಮಾರು ಅರ್ಧದಷ್ಟು ಮಂದಿಗೆ ಸತ್ತ ಸಂಗಾತಿ ಹತ್ತಿರದಲ್ಲೇ ಇದ್ದಂತೆ, ಕೆಲವರಿಗೆ ಕಂಡಂತೆ, ಮಾತನಾಡಿದಂತೆ ಅನುಭವವಾಗಿತ್ತು. ಹೆಚ್ಚಿನವರು ಅದನ್ನು ಯಾರಲ್ಲೂ ಹೇಳಿಕೊಂಡಿರಲಿಲ್ಲ. ಆದ್ದರಿಂದ ನಿಮ್ಮ ತಾಯಿ 'ರಾತ್ರಿ ನಿಮ್ಮಪ್ಪ ಕರೆದ ಹಾಗಾಯಿತು' ಎಂದರೆ ಹೆದರಬೇಡಿ, ಬೈಯಬೇಡಿ. ಆಕೆಯ ತಲೆ ಕೆಟ್ಟಿಲ್ಲ. ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಿ.

ಆಚರಣೆಯ ಪ್ರಯೋಜನವನ್ನೂ ಪರೀಕ್ಷಿಸಿದ್ದಾರೆ. 2014ರಲ್ಲಿ ನಾರ್ಟನ್ ಮತ್ತು ಜಿನೊ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳಲ್ಲಿ, ಯಾವುದಾದರೂ ಒಂದು ಕ್ರಮಬದ್ಧ ಆಚರಣೆ ಮಾಡಿದವರಿಗೆ ದುಃಖದ ತೀವ್ರತೆ ಕಡಿಮೆಯಾದದ್ದು ಕಂಡುಬಂತು. ಬದುಕು ಮತ್ತೆ ಕೈಗೆ ಸಿಕ್ಕಿದೆ ಎಂಬ ಭಾವ ಮೂಡುವುದೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು. ಆಚರಣೆಗಳಲ್ಲಿ ನಂಬಿಕೆ ಇಲ್ಲದವರಿಗೂ ಇದರಿಂದ ಪ್ರಯೋಜನವಾಗಿತ್ತು.

ಶರೀರ ಸಿಗದಾಗ, ಮಗು ಹೋದಾಗ

ಎಲ್ಲಕ್ಕಿಂತ ಕಷ್ಟದ ದುಃಖ ಎಡೆ ಇಡಲೂ ಆಗದ ದುಃಖ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು 7 ಮಂದಿ ಮೀನುಗಾರರೊಡನೆ ಕಾಣೆಯಾಯಿತು. ಮಹಾರಾಷ್ಟ್ರದ ಮಾಲ್ವಣ ಬಳಿ ಕಡಲ ತಳದಲ್ಲಿ ಅದರ ಅವಶೇಷ ದೊರೆತದ್ದು 2019ರ ಮೇ ತಿಂಗಳಲ್ಲಿ. ಸುಮಾರು ನಾಲ್ಕೂವರೆ ತಿಂಗಳ ಕಾಲ, ಇದ್ದಾರೋ ಇಲ್ಲವೋ ತಿಳಿಯದೆ ಮನೆಯವರು ಕಾದರು. ಅಳೋಣವೆಂದರೆ ಆಸೆ ಬಿಟ್ಟಂತೆ, ಅಳದಿರೋಣವೆಂದರೆ ಎದೆ ಭಾರ. ಇಂಥದ್ದನ್ನು ಅಮೆರಿಕದ ಪಾಲಿನ್ ಬಾಸ್ 'ಅಸ್ಪಷ್ಟ ನಷ್ಟ' ಎಂದು ಕರೆದರು. ಇಂಥ ಮನೆಯವರಿಗೆ 'ಇನ್ನೂ ಕ್ರಿಯೆ ಮಾಡಲಿಲ್ಲವೇ?' ಎಂದು ಅವಸರಪಡಿಸುವುದು ಕ್ರೂರ. ಅವರ ಮನಸ್ಸು ಒಪ್ಪಿದ ದಿನ, ಒಪ್ಪಿದ ರೀತಿಯಲ್ಲಿ ಒಂದು ದೀಪ ಹಚ್ಚಲು ಜೊತೆಗೆ ನಿಲ್ಲಿ.

ದೇಹದಾನ ಮಾಡಿದವರ ಮನೆಯಲ್ಲೂ ಚಿತೆಯಿಲ್ಲ, ಸಮಾಧಿಯಿಲ್ಲ. ಮಣಿಪಾಲದಂಥ ವೈದ್ಯಕೀಯ ಕಾಲೇಜಿನ ಊರಿನ ಸುತ್ತಮುತ್ತ ಇರುವವರಿಗೆ ಈ ಮಾತು ಅರ್ಥವಾಗುತ್ತದೆ. ದಾನ ದೊಡ್ಡದು, ಆದರೆ ಉಳಿದವರಿಗೆ ನೆನಪಿನ ಒಂದು ಜಾಗ ಆಗಲೂ ಬೇಕು. ಫೋಟೋದ ಮುಂದೆ ಹೂವಿಟ್ಟರೂ ಸಾಕು, ಹೆಸರಿನಲ್ಲಿ ಒಂದು ಗಿಡ ನೆಟ್ಟರೂ ಸಾಕು.

ಇನ್ನು ಮಕ್ಕಳ ಸಾವು. ಎಳವೆಯಲ್ಲೇ ಅಥವಾ ಮದುವೆಯಾಗದೆ ತೀರಿಕೊಂಡ ಮಗ, ಮಗಳಿಗೆ ವರ್ಷಗಳ ನಂತರ ಅಂಥದ್ದೇ ಇನ್ನೊಂದು ಮನೆಯ ಗತಿಸಿದ ಮಗುವಿನೊಡನೆ ಮದುವೆ ಮಾಡುವ ಪ್ರೇತ ಮದುವೆಯ ಕ್ರಮ ಕರಾವಳಿಯಲ್ಲಿ, ಕಾಸರಗೋಡಿನ ಕಡೆಯಲ್ಲಿ ಇದೆ. 2024ರಲ್ಲಿ ದಕ್ಷಿಣ ಕನ್ನಡದ ಕುಟುಂಬವೊಂದು 30 ವರ್ಷ ಹಿಂದೆ ತೀರಿಕೊಂಡ ಮಗಳಿಗೆ ಇಂಥ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ದೇಶವೆಲ್ಲ ಬೆರಗಾಯಿತು, ಕೆಲವರು ನಕ್ಕರು. ವೈದ್ಯನ ಕಣ್ಣಿಗೆ ಅಲ್ಲಿ ಕಾಣುವುದು ಒಂದೇ: 30 ವರ್ಷವಾದರೂ ತಾಯಿತಂದೆಯರ ಲೆಕ್ಕದಲ್ಲಿ ಆ ಮಗು ಬೆಳೆಯುತ್ತಲೇ ಇತ್ತು. ಗರ್ಭಪಾತವಾದ, ಹುಟ್ಟುವಾಗಲೇ ಮಗುವನ್ನು ಕಳೆದುಕೊಂಡ ತಾಯಂದಿರಿಗೆ 'ಇನ್ನೊಂದು ಹುಟ್ಟುತ್ತದೆ ಬಿಡು' ಎನ್ನುವವರು ಇದನ್ನು ನೆನಪಿಡಬೇಕು.

ಒಂದು ಎಚ್ಚರಿಕೆ

ಮನೆಯಲ್ಲಿ ಕಾಯಿಲೆ ಬಂದಾಗ 'ಪ್ರಶ್ನೆ' ಇಟ್ಟು ಕೇಳುವುದು, ಹಿರಿಯರ ಕಾರ್ಯ ಸರಿಯಾಗಲಿಲ್ಲ ಎಂದು ಕಂಡುಬರುವುದು ನಮ್ಮ ಕಡೆ ಸಾಮಾನ್ಯ. ಕಾರ್ಯ ಮಾಡುವುದು ಬಿಡುವುದು ನಿಮ್ಮ ನಂಬಿಕೆಗೆ ಬಿಟ್ಟದ್ದು. ಆದರೆ ಅದರ ಹೆಸರಿನಲ್ಲಿ ಚಿಕಿತ್ಸೆ ಮುಂದೂಡಬೇಡಿ. ಮೂರ್ಛೆರೋಗ, ಕ್ಷಯ, ಸ್ತನದ ಗಂಟು, ಮಾನಸಿಕ ಕಾಯಿಲೆ ಇವು ಹಿರಿಯರ ಕೋಪದಿಂದ ಬರುವುದಿಲ್ಲ. ಹಾಗೆಯೇ 'ನಾವು ಸರಿಯಾಗಿ ಮಾಡಲಿಲ್ಲ' ಎಂಬ ಕೊರಗಿನಲ್ಲಿ ಸಾಲ ಮಾಡಿ ಆಡಂಬರದ ಕ್ರಿಯೆ ಮಾಡುವುದೂ ಬೇಡ. ಒಂದು ಎಲೆ, ಒಂದು ದೀಪದಲ್ಲಿ ಕೊರತೆಯೇನಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು

1. ತೀರಿಕೊಂಡವರಿಗೆ ಮನೆಯಲ್ಲಿ ಒಂದು ಜಾಗ ಇರಲಿ. ಫೋಟೋ, ಕನ್ನಡಕ, ಊರುಗೋಲು, ಅವರು ಹೆಣೆದ ಬುಟ್ಟಿ, ಹೀಗೆ ಅವರನ್ನು ನೆನಪಿಸುವ ಏನಾದರೂ ಸರಿ. ಇಡೀ ಕೋಣೆಯನ್ನು ಹಾಗೆಯೇ ಬೀಗ ಹಾಕಿಡುವ ಬದಲು ಒಂದು ಮೂಲೆಯನ್ನು ಅಂದವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

2. ವರ್ಷದಲ್ಲಿ ಒಂದು ದಿನ ಗೊತ್ತುಮಾಡಿ. ಅಂದು ಅವರಿಗೆ ಇಷ್ಟವಾದ ಅಡುಗೆ ಮಾಡಿ, ಅವರ ಬಗ್ಗೆ ಒಬ್ಬೊಬ್ಬರೂ ಒಂದು ಮಾತು ಹೇಳಿ. ನಗು ಬಂದರೆ ನಗಿ. ದೂರದಲ್ಲಿರುವ ಮಕ್ಕಳು ಫೋನಿನಲ್ಲಾದರೂ ಸೇರಲಿ.

3. ಮಕ್ಕಳಿಂದ ಸತ್ಯ ಮುಚ್ಚಿಡಬೇಡಿ. 'ಅಜ್ಜ ಮಲಗಿದ್ದಾರೆ' ಎಂದರೆ ಮಗುವಿಗೆ ನಿದ್ದೆಯೇ ಭಯವಾಗಬಹುದು. 'ಊರಿಗೆ ಹೋಗಿದ್ದಾರೆ' ಎಂದರೆ ಮಗು ಕಾಯುತ್ತಲೇ ಇರುತ್ತದೆ. 'ಅಜ್ಜ ಸತ್ತುಹೋದರು, ಇನ್ನು ಬರುವುದಿಲ್ಲ' ಎಂದು ಮೆಲ್ಲಗೆ ಹೇಳಿ. ಮಕ್ಕಳು ಚಿತ್ರ ಬರೆಯಲಿ, ಹೂ ಕೊಯ್ದು ತರಲಿ, ಎಲೆಗೆ ಬಡಿಸಲು ನೆರವಾಗಲಿ.

4. ಎಡೆಯ ದಿನವೂ ಮಾತ್ರೆ ತಪ್ಪಬಾರದು. ಸಕ್ಕರೆ ಕಾಯಿಲೆಯವರು, ಅದರಲ್ಲೂ ಇನ್ಸುಲಿನ್ ತೆಗೆದುಕೊಳ್ಳುವವರು, ಮಧ್ಯಾಹ್ನ ಮೀರುವವರೆಗೆ ಹಸಿದಿರಬಾರದು. ಹಿರಿಯರ ಹೆಸರಿನಲ್ಲಿ ಇಟ್ಟ ಕಳ್ಳು, ಸಾರಾಯಿ ಉಳಿದವರ ಕುಡಿತಕ್ಕೆ ನೆಪವಾಗದಿರಲಿ.

5. ನಿದ್ದೆ ಬರುವುದಿಲ್ಲವೆಂದು ಬೇರೆಯವರಿಗೆ ಬರೆದುಕೊಟ್ಟ ನಿದ್ರೆಯ ಮಾತ್ರೆ ನುಂಗಬೇಡಿ. ಬೆಳಗ್ಗಿನ ನಡಿಗೆ, ಹೊತ್ತಿಗೆ ಸರಿಯಾದ ಊಟ, ಮಾತನಾಡಲು ಒಬ್ಬರು, ಇವೇ ಮೊದಲ ಔಷಧ.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ಹೆಚ್ಚಿನವರ ದುಃಖ ತಿಂಗಳುಗಳು ಕಳೆದಂತೆ ಅಲೆಯ ಹಾಗೆ ಬಂದು ಹೋಗತೊಡಗುತ್ತದೆ. ನಡುನಡುವೆ ಸಮಾಧಾನ ಸಿಗುತ್ತದೆ. ಹಬ್ಬ, ಹುಟ್ಟುಹಬ್ಬ, ವರ್ಷಾಂತಿಕದ ದಿನಗಳಲ್ಲಿ ಮತ್ತೆ ಏರುವುದು ಸಹಜ. ಆದರೆ ಕೆಲವರಲ್ಲಿ ಅದು ಇಳಿಯುವುದೇ ಇಲ್ಲ. 6 ತಿಂಗಳು ದಾಟಿದರೂ ದಿನವಿಡೀ ಅದೇ ಹಂಬಲ, ಸಾವನ್ನು ನಂಬಲಾಗದ ಸ್ಥಿತಿ, ಕೆಲಸಕಾರ್ಯ ನಿಂತುಹೋಗುವುದು ಕಂಡುಬಂದರೆ ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯ ಪ್ರಕಾರ ಅದು 'ದೀರ್ಘಕಾಲದ ಶೋಕ' ಎಂಬ ಕಾಯಿಲೆಯಾಗಿರಬಹುದು. ಅಮೆರಿಕದ ಮನೋವೈದ್ಯರ 2022ರ ಕೈಪಿಡಿ ದೊಡ್ಡವರಿಗೆ 12 ತಿಂಗಳ ಗಡುವು ಹೇಳುತ್ತದೆ. ಇದಕ್ಕೆ ಮಾತುಕತೆಯ ಚಿಕಿತ್ಸೆ ಇದೆ, ಗುಣವಾಗುತ್ತದೆ.

ತೂಕ ಇಳಿಯುತ್ತಲೇ ಇದ್ದರೆ, ಕುಡಿತ ಹೆಚ್ಚಾಗಿದ್ದರೆ, ಎಲ್ಲಕ್ಕೂ ತಾನೇ ಕಾರಣ ಎಂಬ ಅಪರಾಧಭಾವ ಕಾಡುತ್ತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. 'ನಾನೂ ಅವರ ಹಿಂದೆಯೇ ಹೋಗಬೇಕು' ಎಂಬ ಮಾತು ಕೇಳಿದರೆ ಅದನ್ನು ಬಾಯಿಮಾತೆಂದು ತಳ್ಳಿಹಾಕಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆತನ್ನಿ. ಸರಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು.

ಗತಿಸಿದವರನ್ನು ಕರೆದು ಬಡಿಸಿದ ಮೇಲೆ ಎಲೆ ಎತ್ತುವುದೂ ಆ ಕ್ರಮದ ಒಂದು ಭಾಗವೇ. ಎಲೆ ಎತ್ತಿ ಜಾಗ ಒರೆಸಿದ ಬಳಿಕ ಮನೆಮಂದಿಯೆಲ್ಲ ಊಟಕ್ಕೆ ಕುಳಿತುಕೊಳ್ಳುತ್ತಾರೆ. ಈ ವರ್ಷ ಆ ಪಂಕ್ತಿಯಲ್ಲಿ, ಮನೆಯಲ್ಲಿ ಹೊಸದಾಗಿ ಒಬ್ಬಂಟಿಯಾದವರು ಸರಿಯಾಗಿ ಉಣ್ಣುತ್ತಿದ್ದಾರೆಯೇ ಎಂದು ಒಮ್ಮೆ ಗಮನಿಸಿ ನೋಡಿ.